ಕೊಟ್ರವ್ವನ ಅರಳೆ ಕದ್ದವರಾರು?

ಹರಿಹರದ ಹೊಳೆದಂಡೆಯ ಜಾಲಿಕಾಡಿನಲ್ಲಿ ಏನು ಕಳೆದರೂ ಎಲ್ಲರೂ ಮುಂಗುಸಿ ರಂಗವ್ವನ ಬಿಲದ ಮುಂದೆ ಬಂದು ನಿಲ್ಲುತ್ತಿದ್ದರು. ಆ ದಿನ ಓಡಿ ಬಂದವಳು ಅಳಿಲು ಅಂಜಿನವ್ವ.

“ಅಕ್ಕಾ, ಹೊತ್ತು ಮುಳುಗೋದ್ರೊಳಗ ನಾನು ಕಾಡು ಬಿಡಬೇಕಂತೆ. ಮಕ್ಕಳು ಇನ್ನೂ ಕಣ್ಣು ಬಿಟ್ಟಿಲ್ಲ. ಎಲ್ಲಿಗಂತ ಹೊತ್ಕೊಂಡು ಹೋಗ್ಲಿ?”

ಆಗಿದ್ದು ಇಷ್ಟು. ದಾವಣಗೆರೆಯ ಮಿಲ್ಲಿಗೆ ಅರಳೆ ಹೇರಿಕೊಂಡು ಹೋಗುವ ಬಂಡಿಗಳಿಂದ ದಾರಿಯ ಮುಳ್ಳಿಗೆ ಸಿಕ್ಕಿ ಉಳಿದದ್ದನ್ನು ಮೊಲ ಕೊಟ್ರವ್ವ ಎಂಟು ದಿನ ಆಯ್ದು, ಹುಟ್ಟಲಿರುವ ಮರಿಗಳಿಗೆಂದು ಪೊದೆಯಲ್ಲಿ ಕೂಡಿಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಅದು ಮಾಯವಾಗಿತ್ತು. ಅಂಜಿನವ್ವನ ಗೂಡಿನಲ್ಲಿ ಬೆಳ್ಳಗೇನೋ ಕಂಡಿತು. ಯಜಮಾನ ನರಿ ಗೋಣೆಪ್ಪ ಹಿಂದುಮುಂದು ನೋಡದೆ ತೀರ್ಪು ಕೊಟ್ಟುಬಿಟ್ಟ.

“ನಿನ್ನ ಗೂಡಿನದು ಒಂದು ಹಿಡಿ ತಗೊಂಡು ಬಾ,” ಅಂದಳು ರಂಗವ್ವ. ತಂದದ್ದನ್ನು ಅಂಗಾಲಿನಲ್ಲಿ ಅದುಮಿ ನೋಡಿದಳು. ಏನೋ ಗಟ್ಟಿಯಾಗಿ ಒತ್ತಿತು. ಅವಳ ಮೀಸೆ ಅಲುಗಿತು.

ಸಂಜೆ ಎಲ್ಲರೂ ಯಜಮಾನನ ಬಂಡೆಯ ಸುತ್ತ ಸೇರಿದರು.

“ಕೊಟ್ರವ್ವ, ನಿನ್ನ ಅರಳ್ಯಾಗ ಬೀಜ ಇದ್ವಾ?” ಅಂತ ಕೇಳಿದಳು ರಂಗವ್ವ.

“ಮಿಲ್ಲಿಗೆ ಹೋಗೋದ್ರಾಗ ಎಲ್ಲಿ ಬೀಜ? ಬೀಜ ಬಿಡಿಸೋ ಜಿನ್ನಿಂಗ್ ಮಷಿನ್ನ್ಯಾಗ ಮೊದ್ಲೇ ತೆಗೆದಿರ್ತಾರಲ್ಲ.”

“ಹಂಗಾದ್ರ ಅಂಜಿನವ್ವನ ಗೂಡಿನ ಇದನ್ನ ಮುಟ್ಟಿ ನೋಡು.”

ಕೊಟ್ರವ್ವ ಮೂಸಿದಳು, ಕಚ್ಚಿದಳು. ಹಲ್ಲಿಗೆ ಬೀಜ ಸಿಕ್ಕಿತು. “ಇದು ನಂದಲ್ಲವ್ವ.”

“ಇದು ಹೊಲದಿಂದ ಬರೋ ಬಂಡಿಯ ಹತ್ತಿ,” ಅಂದಳು ರಂಗವ್ವ. “ ಬೆಳ್ಳಗಿರೋದೆಲ್ಲ ಹಾಲಲ್ಲ.”

ಗೋಣೆಪ್ಪ ಕೆಮ್ಮಿದ. “ಬೀಜ ಗೀಜ ಬ್ಯಾಡ. ಹೇಳಿದ್ದು ಹೇಳಿದ್ದೇ.”

ರಂಗವ್ವ ಅವನನ್ನೇ ನೋಡಿದಳು. ಬಂಡೆ ಚುಚ್ಚುತ್ತದೆಂದು ಗಳಿಗೆಗೊಮ್ಮೆ ಮಗ್ಗುಲು ಬದಲಿಸುವ ಮುದುಕ ಇವತ್ತು ಮಾತ್ರ ಅಲುಗದೆ, ಪಟ್ಟಕ್ಕೆ ಕೂತಂತೆ ಕೂತಿದ್ದ.

“ಯಜಮಾನ್ರೆ, ಯಾರನ್ನಾದ್ರೂ ಕಾಡು ಬಿಡಿಸೋದಾದ್ರ ಹೊಳಿ ಕಡೆ ಮುಖ ಮಾಡಿ, ಎದ್ದು ನಿಂತು ಹೇಳಬೇಕಲ್ರಿ. ನಿಮ್ಮಜ್ಜ ಹಾಕಿದ ಪದ್ಧತಿ. ಬೆಳಿಗ್ಗೆ ನೀವು ಕೂತೇ ಹೇಳಿದ್ರಂತೆ. ಯಾಕ?”

“ಮಂಡಿ ನೋವು.”

“ನಾವೆಲ್ಲ ಹಿಡ್ಕಂತೀವಿ. ಏಳ್ರಿ.”

ಬೇರೆ ದಾರಿಯಿಲ್ಲದೆ ಗೋಣೆಪ್ಪ ಎದ್ದ. ಅವನಡಿ ಚಪ್ಪಟೆಯಾದ ಅರಳೆಯ ಹಾಸಿಗೆ ಇತ್ತು. ಬಾಲಕ್ಕೂ ಒಂದಿಷ್ಟು ಅಂಟಿಕೊಂಡಿತ್ತು. ರಂಗವ್ವ ಅದರಲ್ಲೊಂದು ಎಳೆ ಹಿಂಜಿ ಎತ್ತಿ ಹಿಡಿದಳು. ಒಂದೇ ಒಂದು ಬೀಜವಿರಲಿಲ್ಲ. ಜಾಲಿಕಾಡೆಲ್ಲ ಗೊಳ್ಳೆಂದು ನಕ್ಕಿತು.

“ವಯಸ್ಸಾತು. ಬಂಡೆ ತಣ್ಣಗಿರ್ತೈತೆ,” ಅಂದ ನರಿ, ತಲೆ ಎತ್ತದೆ.

“ಕೇಳಿದ್ರ ನಾನೇ ಆಯ್ದು ಕೊಡ್ತಿದ್ದೆ, ಕಾಕಾ,” ಅಂದಳು ಅಂಜಿನವ್ವ.

ಆ ಮಾತಿಗೆ ಗೋಣೆಪ್ಪ ಇನ್ನಷ್ಟು ಕುಗ್ಗಿದ. ಹೊಳೆಯ ಕಡೆ ತಿರುಗಿ, ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತು, ತಪ್ಪು ತನ್ನದೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಅರಳೆಯನ್ನು ಬಾಯಲ್ಲಿ ಕಚ್ಚಿಕೊಂಡು ಕೊಟ್ರವ್ವನ ಪೊದೆಗೆ ಹೊರಟ. ಹಿಂದೆ ಇಡೀ ಕಾಡೇ ಮೆರವಣಿಗೆಯಂತೆ ನಡೆಯಿತು, ಎಲ್ಲರಿಗಿಂತ ಮುಂದೆ ಬಾಲವೆತ್ತಿಕೊಂಡು ರಂಗವ್ವ.

ಹೊತ್ತು ಮುಳುಗುವ ಮುಂಚೆಯೇ ಅಂಜಿನವ್ವ ಸರಸರನೆ ಹತ್ತಿದಳು. ಹತ್ತಿದ್ದು ತನ್ನದೇ ಮರ.