ಬೀಗರ ಮನೆಯಲ್ಲಿ ಉಳಿದವಳು

ವನಜಾಕ್ಷಿ ಸಾಸ್ವೆಹಳ್ಳಿಗೆ ಬಂದದ್ದು ಯುಗಾದಿಗೆ ಮಗಳನ್ನು ಕರೆದುಕೊಂಡು ಹೋಗಲು. ಮಗಳು ಸುಚಿತ್ರಾಳನ್ನು ಈ ಊರಿಗೆ ಕೊಟ್ಟು ಮೂರು ವರ್ಷವಾಗಿತ್ತು. ಮದುವೆಯಾದ ಮೇಲೆ ಒಂದು ಯುಗಾದಿಗೂ ಅವಳು ತವರಿಗೆ ಬಂದಿರಲಿಲ್ಲ. ಪ್ರತಿ ಸಲವೂ ಏನೋ ಒಂದು ಅಡ್ಡ ಬರುತ್ತಿತ್ತು. ಈ ಸಲ ತಾನೇ ಹೋಗಿ ಕೂತರೆ ಬೀಗರು ಇಲ್ಲವೆನ್ನಲಾರರು ಎಂದುಕೊಂಡು, ಜಗಳೂರು ಬಸ್ ನಿಲ್ದಾಣದ ಎದುರಿನ ತನ್ನ ಮಿರ್ಚಿ-ಮಂಡಕ್ಕಿ ಅಂಗಡಿಯನ್ನು ಗಂಡ ದುರುಗೇಶನಿಗೆ ಒಪ್ಪಿಸಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಶನಿವಾರ ಬಸ್ಸು ಹತ್ತಿದ್ದಳು.

ಭಾನುವಾರ ಕೊರೊನಾ ಎಂದು ದೇಶಕ್ಕೆಲ್ಲ ಕರ್ಫ್ಯೂ ಅಂದರು. ಸೋಮವಾರ ಬೆಳಿಗ್ಗೆಯೇ ಹೊರಡೋಣವೆಂದರೆ ಬೀಗಿತ್ತಿ ಉಚ್ಚಂಗೆಮ್ಮ ಬಿಡಲಿಲ್ಲ. "ಬಂದೋರನ್ನ ಬಾಯಿ ಸಿಹಿ ಮಾಡ್ದೆ ಕಳ್ಸಿದ್ರೆ ಜನ ಏನಂತಾರೆ? ಊಟ ಮಾಡ್ಕಂಡು ಹೋಗ್ರಿ" ಎಂದು ಹೋಳಿಗೆಗೆ ಬೇಳೆ ಬೇಯಲು ಇಟ್ಟಳು. ಉಂಡು ರಸ್ತೆಗೆ ಹೋಗಿ ನಿಂತರೆ ಬಸ್ಸೇ ಇಲ್ಲ. ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವ ಪದ್ಧತಿಯಿಲ್ಲ. ಅವತ್ತೇ ರಾತ್ರಿ ಟಿವಿಯಲ್ಲಿ, ಇಪ್ಪತ್ತೊಂದು ದಿನ ದೇಶವೆಲ್ಲ ಲಾಕ್‌ಡೌನ್, ಯಾರೂ ಮನೆಯಿಂದ ಹೊರಗೆ ಬರುವಂತಿಲ್ಲ ಎಂಬ ಸುದ್ದಿ ಬಂತು. ಬುಧವಾರ ಯುಗಾದಿ. ಬೇವು-ಬೆಲ್ಲವನ್ನು ವನಜಾಕ್ಷಿ ಬೀಗರ ಮನೆಯಲ್ಲೇ ತಿಂದಳು.

ಮೊದಮೊದಲು ಅವಳಿಗೆ ಅಂಥ ಚಿಂತೆಯೇನೂ ಆಗಲಿಲ್ಲ. ಮಗಳ ಜೊತೆ ನಾಲ್ಕು ದಿನ ಹೆಚ್ಚಿಗೆ ಸಿಕ್ಕಿತು ಅಂದುಕೊಂಡಳು. ಆದರೆ ಬೀಗಿತ್ತಿ ಎಂಬ ಸ್ಥಾನವೇ ಅವಳನ್ನು ಕಟ್ಟಿಹಾಕಿತು. ಅಡುಗೆಮನೆಗೆ ಕಾಲಿಟ್ಟರೆ ಉಚ್ಚಂಗೆಮ್ಮ, "ಅಯ್ಯೋ, ನೀವ್ಯಾಕ್ರಿ, ಕೂತ್ಕಳ್ರಿ" ಎನ್ನುತ್ತಿದ್ದಳು. ಕಸಬರಿಗೆ ಹಿಡಿದರೆ ಕಸಿದುಕೊಳ್ಳುತ್ತಿದ್ದಳು. ಮನೆಗಿದ್ದದ್ದು ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಹಿಂದೆ ಹಿತ್ತಲು. ಕೋಣೆ ಅಳಿಯ ಮಗಳದು. ಪಡಸಾಲೆಯಲ್ಲಿ ಬೀಗ ಧರ್ಮಪ್ಪನವರೂ ಅಳಿಯ ಓಂಕಾರನೂ ಇಡೀ ದಿನ ಕೂತಿರುತ್ತಿದ್ದರು. ಬೀಗರ ಎದುರು ಕಾಲು ಚಾಚುವಂತಿಲ್ಲ, ಹಗಲು ಒರಗುವಂತಿಲ್ಲ. ಹಾಗಾಗಿ ವನಜಾಕ್ಷಿ ಭತ್ತದ ಚೀಲಗಳ ಪಕ್ಕದ ಮೂಲೆಯಲ್ಲಿ, ತಲೆ ಮೇಲೆ ಸೆರಗು ಹೊದ್ದು, ಮಂಡಿ ಮಡಚಿಕೊಂಡು ಕೂತಳು. ವರ್ಷಗಟ್ಟಲೆ ಕಾದ ಬಾಂಡ್ಲಿ ಮುಂದೆ ನಿಂತೇ ದುಡಿದ ಹೆಂಗಸು. ಸುಮ್ಮನೆ ಕೂತ ಕಾಲು ಜೋಮು ಹಿಡಿಯುತ್ತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹಿತ್ತಲಿಗೆ ಹೋಗಿಬರಬೇಕೆಂದರೂ ಗಂಡಸರಿಬ್ಬರನ್ನು ದಾಟಿಯೇ ಹೋಗಬೇಕು. ಅದಕ್ಕೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಆಗೊಮ್ಮೆ ಈಗೊಮ್ಮೆ ಜಗಲಿಗೆ ಬಂದು ಉಸಿರು ಬಿಡುತ್ತಿದ್ದಳು. ಅದೂ ಉಳಿಯಲಿಲ್ಲ. ಎದುರು ಮನೆಯ ಅಂತರಘಟ್ಟಮ್ಮ ಬೀದಿಯವರಿಗೆಲ್ಲ ಕೇಳುವಂತೆ, "ಜಗಳೂರಿಂದ ಬಂದೋರಂತೆ. ದಾವಣಗೆರೆ ಬಸ್‌ಸ್ಟ್ಯಾಂಡ್ ದಾಟ್ಕಂಡೇ ಬಂದಿರ್ತಾರಲ್ವ? ರೋಗ ಅಂಟ್ಕಂಡು ಬಂದಿದ್ರೆ ಯಾರಿಗೆ ಗೊತ್ತು?" ಎಂದಳು. ಮಾರನೆಯ ದಿನ ಧರ್ಮಪ್ಪನವರು ಗೋಡೆ ನೋಡುತ್ತ ಹೇಳಿದರು: "ತಪ್ಪು ತಿಳ್ಕಬ್ಯಾಡ್ರಿ ಬೀಗ್ತಿಯೋರೆ. ಸ್ವಲ್ಪ ದಿನ ಜಗಲಿಗೂ ಬರಬ್ಯಾಡ್ರಿ. ಊರೋರ ಬಾಯಿ ಮುಚ್ಚಾಕಾಗಲ್ಲ."

ಅಲ್ಲಿಗೆ ಅವಳ ಪಾಲಿನ ಆಕಾಶ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಣುವಷ್ಟು ಮಾತ್ರ ಆಯಿತು.

ವನಜಾಕ್ಷಿಯ ಹಳೇ ಮೊಬೈಲಿನ ಚಾರ್ಜರ್ ಜಗಳೂರಿನಲ್ಲೇ ಉಳಿದಿತ್ತು. ದುರುಗೇಶ ಓಂಕಾರನ ಫೋನಿಗೇ ಮಾಡಬೇಕು. ಫೋನು ಬಂದಾಗ ಓಂಕಾರ ಅದನ್ನು ಅವಳ ಕೈಗೆ ಕೊಡಲಿಲ್ಲ. ಸ್ಪೀಕರ್ ಹಾಕಿ ಪಡಸಾಲೆಯ ನಡುವಿನ ಸ್ಟೂಲಿನ ಮೇಲಿಟ್ಟ. "ಎಲ್ರಿಗೂ ಕೇಳುತ್ತೆ, ಮಾತಾಡ್ರಿ ಅತ್ತೆ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಮನೆಯಲ್ಲಿ ಯಾರಿಗೆ ಫೋನು ಬಂದರೂ ಹಾಗೆಯೇ.

"ಏನೇ ವನಜಾ, ಹೆಂಗಿದೀಯ? ಬೀಗರು ಚೆನ್ನಾಗಿ ನೋಡ್ಕಂತಾರಾ?" ದುರುಗೇಶನ ದನಿ ಪಡಸಾಲೆ ತುಂಬ ಕೇಳಿತು.

ಧರ್ಮಪ್ಪನವರು, ಓಂಕಾರ, ಅಡುಗೆಮನೆಯ ಬಾಗಿಲಲ್ಲಿ ನಿಂತ ಉಚ್ಚಂಗೆಮ್ಮ ಮೂವರೂ ಅವಳ ಮುಖವನ್ನೇ ನೋಡಿದರು.

"ಚೆನ್ನಾಗಿದೀನಿ ರೀ. ಏನೂ ತೊಂದ್ರೆ ಇಲ್ಲ. ನಿಮ್ದು ಊಟ ಆಯ್ತಾ?"

ಹೇಳಿದ ಮೇಲೆ ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿಸಿತು. ಎಲ್ಲೋ ಕೇಳಿದ ದನಿ. ಮಾತಿನ ಕೊನೆಯನ್ನು ಸ್ವಲ್ಪ ಮೇಲಕ್ಕೆತ್ತಿ, ನಗು ಬೆರೆಸಿ ಹೇಳುವ ರೀತಿ. ಮೂರು ವರ್ಷದಿಂದ ವಾರಕ್ಕೊಮ್ಮೆ, ಎಣ್ಣೆ ಚುರುಗುಡುವ ಸದ್ದಿನ ನಡುವೆ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಅವಳು ಕೇಳುತ್ತಿದ್ದ ಮಗಳ ದನಿ ಅದೇ ಆಗಿತ್ತು. ಚೆನ್ನಾಗಿದೀನವ್ವ. ಏನೂ ತೊಂದ್ರೆ ಇಲ್ಲ. ನಿಂದು ಊಟ ಆಯ್ತಾ?

ಸಂಜೆ ಸುಚಿತ್ರಾ ಬಟ್ಟೆ ಒಗೆಯುತ್ತಿದ್ದಾಗ ವನಜಾಕ್ಷಿ ಹೋಗಿ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಸುಚೀ, ನೀನು ನನ್ನ ಜೊತೆ ಮಾತಾಡೋವಾಗ್ಲೂ ಹಿಂಗೇ ಇಡ್ತಾರಾ ಫೋನು?"

"ಹಿಂಗೇ."

"ಹೇಳಬಾರದಾಗಿತ್ತಾ ನಂಗೆ?"

ಸುಚಿತ್ರಾ ಅಂಗಿಯ ಕಾಲರಿಗೆ ಸೋಪು ಉಜ್ಜುತ್ತಲೇ ಹೇಳಿದಳು. "ಗೌರಿ ಹಬ್ಬಕ್ಕೆ ನೀನು ಬಾಗಿನ ತಂದಾಗ ಹೇಳಿದ್ನಲ್ಲವ್ವ. ಅಂಗಡಿಗೂ ಕಳ್ಸಲ್ಲ, ಪಕ್ಕದ ಮನೆಗೂ ಕಳ್ಸಲ್ಲ, ಉಸಿರು ಕಟ್ಟುತ್ತೆ ಅಂದೆ. ಎಲ್ಲರ ಮನೇಲೂ ಇರೋದೇ, ಹೊಂದ್ಕಂಡು ಹೋಗು ಅಂದೆ ನೀನು."

ಆ ಮಾತಿನಲ್ಲಿ ದೂರು ಇರಲಿಲ್ಲ. ಸೋಪಿನ ಬೆಲೆ ಹೇಳುವ ಹಾಗೆ ಹೇಳಿದಳು. ವನಜಾಕ್ಷಿಗೆ ತಡೆಯಲಾಗದೇ ಹೋದದ್ದು ಅದೇ. ಶಾಲೆ ಮುಗಿಸಿ ಬಂದು ಅಂಗಡಿಯ ಬೆಂಚಿನ ಮೇಲೆ ಕೂತು, ಕಂಡಕ್ಟರುಗಳಿಗೆ ಎದುರುತ್ತರ ಕೊಟ್ಟು, ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ನಗುತ್ತಿದ್ದ ಹುಡುಗಿ ಇವಳು. ಈಗ ಪಿಸುಮಾತಿನಂಥ ದನಿ. ನಡೆದರೆ ಹೆಜ್ಜೆ ಸದ್ದಿಲ್ಲ. ಹೊಡೆತ ಬಡಿತ ಇಲ್ಲ, ಉಪವಾಸ ಕೆಡವಿದವರಿಲ್ಲ. ಯಾರಿಗಾದರೂ ಹೇಳೋಣವೆಂದರೆ ಹೇಳಲು ಏನೂ ಇಲ್ಲ. ಮೂಲೆಯಲ್ಲಿ ಮಂಡಿ ಮಡಚಿಕೊಂಡು ಕೂತ ತನಗೂ ಹೇಳಲು ಏನೂ ಇಲ್ಲವಲ್ಲ ಎಂದು ವನಜಾಕ್ಷಿಗೆ ಅನ್ನಿಸಿತು. ಹೊತ್ತಿಗೆ ಸರಿಯಾಗಿ ಬಿಸಿ ಊಟ ಹಾಕುವವರ ಮೇಲೆ ಏನೆಂದು ದೂರುವುದು?

ಬಿಸಿಲು ಏರಿದಂತೆ ಗಂಡಸರ ಸಹನೆ ಕೆಟ್ಟಿತು. ಧರ್ಮಪ್ಪನವರು ಬೆಳಿಗ್ಗೆ ಎದ್ದರೆ ಚಾ ಅಂಗಡಿ, ಆಮೇಲೆ ಅರಳಿಕಟ್ಟೆ, ಮಧ್ಯಾಹ್ನ ಉಂಡು ಮತ್ತೆ ಅರಳಿಕಟ್ಟೆ ಎಂದು ಬಾಳಿದವರು. ಒಂದು ದಿನ ತಡೆಯಲಾರದೆ ಕಟ್ಟೆಗೆ ಹೋಗಿ, ಪೊಲೀಸರು ಲಾಠಿ ಬೀಸಿಕೊಂಡು ಬಂದಾಗ ಒಂದೇ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ಓಡಿ ಬಂದರು. ಅವತ್ತಿನಿಂದ ಅವರ ಸಿಟ್ಟೆಲ್ಲ ಮನೆಯವರ ಮೇಲೆ. ಸಾರಿಗೆ ಉಪ್ಪು ಜಾಸ್ತಿ, ಫ್ಯಾನಿಗೆ ಗಾಳಿಯಿಲ್ಲ. ಓಂಕಾರ ಬಾಗಿಲಿಗೂ ಹಿತ್ತಲಿಗೂ ಸುಮ್ಮನೆ ತಿರುಗುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಧರ್ಮಪ್ಪನವರು ತಟ್ಟೆ ಸರಿಸಿ ಗೋಳಾಡಿದರು. "ಥೂ, ಇದೂ ಒಂದು ಬಾಳಾ! ಹೊರಗೆ ಕಾಲಿಡಂಗಿಲ್ಲ. ನಾಕು ಜನರ ಜೊತೆ ಮಾತಾಡಂಗಿಲ್ಲ. ಎದ್ರೂ ಗೋಡೆ, ಕೂತ್ರೂ ಗೋಡೆ. ಮನುಷ್ಯ ಆದೋನು ಹಿಂಗೆ ಎಷ್ಟು ದಿನ ಇರಾಕಾಗುತ್ತೆ?"

ಸುಚಿತ್ರಾ ಬಗ್ಗಿ ಅವರ ತಟ್ಟೆಗೆ ಸಾರು ಬಡಿಸುತ್ತಿದ್ದಳು.

"ಅಭ್ಯಾಸ ಆಗುತ್ತೆ ಮಾವ" ಎಂದಳು.

ಮೊದಲು ಅರ್ಥವಾದದ್ದು ಓಂಕಾರನಿಗೆ. "ಏನಂದೆ? ಏನ್ ನಿನ್ನ ಮಾತಿನರ್ಥ?" ಎಂದು ಎದ್ದು ನಿಂತ. ಉಚ್ಚಂಗೆಮ್ಮ ಅಡುಗೆಮನೆಯಿಂದ ಓಡಿಬಂದು, "ಹಿರಿಯರಿಗೆ ಹಿಂಗಾ ಮಾತಾಡೋದು? ಅವ್ವ ಬಂದಾಳೆ ಅಂತ ಬಾಯಿ ಬಂತಾ?" ಎಂದಳು. ಆಮೇಲೆ ಎಲ್ಲರೂ ತಿರುಗಿ ವನಜಾಕ್ಷಿಯನ್ನು ನೋಡಿದರು. ತಾಯಿಯಾದವಳು ಈಗ ಮಗಳನ್ನು ಗದರಬೇಕು. ಅದು ಅವಳ ಪಾಲಿನ ಮಾತು. ವನಜಾಕ್ಷಿಯ ನಾಲಗೆಯ ತುದಿಗೂ ಆ ಮಾತು ಬಂದಿತ್ತು. ಸುಚಿತ್ರಾಳ ಕಣ್ಣು ನೆಲದ ಮೇಲಿತ್ತು. ಅವ್ವ ಏನು ಹೇಳುತ್ತಾಳೆಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

ವನಜಾಕ್ಷಿ ಸೆರಗು ಸರಿಮಾಡಿಕೊಂಡಳು. "ಅವಳು ಹೇಳಿದ್ದು ಸುಳ್ಳಾ ಬೀಗರೇ?" ಎಂದಳು. "ಒಳಗೆ ಕೂತು ಒಂದು ತಿಂಗ್ಳಾಗಿಲ್ಲ, ನೀವು ಇಷ್ಟು ಒದ್ದಾಡ್ತೀರ. ನಂಗೂ ಈ ಮೂಲೇಲಿ ಕೂತು ಜೀವ ಬ್ಯಾಸರಾಗೈತೆ. ಅವಳು ಮೂರು ವರ್ಷದಿಂದ ಇಲ್ಲೇ ಅದಾಳೆ."

ಧರ್ಮಪ್ಪನವರು ಕೈ ತೊಳೆದು ಎದ್ದರು. ಊಟ ಅಲ್ಲಿಗೆ ನಿಂತಿತು.

ಬೇರೆ ಕಾಲವಾಗಿದ್ದರೆ ಜಗಳವಾಡಿದವಳು ಚೀಲ ಹೆಗಲಿಗೆ ಹಾಕಿ ಮುಂದಿನ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಬೀಗರೂ ನಿಟ್ಟುಸಿರು ಬಿಡುತ್ತಿದ್ದರು. ಈಗ ಬಸ್ಸಿಲ್ಲ. ಮಾತಾಡಿದವಳು ಅದೇ ಮೂಲೆಗೆ ಹೋಗಿ, ಅದೇ ಚೀಲಗಳಿಗೆ ಒರಗಿ, ಅದೇ ಜನರ ನಡುವೆ ಕೂರಬೇಕು. ಯಾರೂ ಅವಳನ್ನು ಮಾತಾಡಿಸಲಿಲ್ಲ. ತಟ್ಟೆ ಬರುತ್ತಿತ್ತು, ಅನ್ನ ಬರುತ್ತಿತ್ತು, "ಇನ್ನೊಂದು ಸ್ವಲ್ಪ ಹಾಕ್ಕಳ್ರಿ" ಎಂಬ ಮಾತು ಬರುತ್ತಿರಲಿಲ್ಲ. ಇನ್ನೊಬ್ಬರ ಅನ್ನ ತಿನ್ನುತ್ತ ಅವರ ಮೌನವನ್ನು ನುಂಗುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು. ಆಡಬಾರದಿತ್ತೇನೋ ಎಂದು ಕೆಲವು ಸಲ ಅಳುಕಿದಳು. ತಾನು ಹೋದ ಮೇಲೆ ಮಗಳ ಗತಿಯೇನು ಎಂದು ಯೋಚಿಸಿದಳು. ಸುಚಿತ್ರಾ ಮಾತ್ರ ಊಟ ಬಡಿಸುವಾಗ ಅವ್ವನ ಬೆನ್ನನ್ನು ಒಮ್ಮೆ ಮುಟ್ಟಿ ಹೋಗುತ್ತಿದ್ದಳು.

ಆ ಮೌನ ಮುರಿದವಳು ಉಚ್ಚಂಗೆಮ್ಮ. ಹಿತ್ತಲಲ್ಲಿ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದವಳು ಒಂದು ದಿನ, ಮುಖವೆತ್ತದೆ, ಇನ್ನೊಂದು ಮೊರವನ್ನು ವನಜಾಕ್ಷಿಯ ಕಡೆ ತಳ್ಳಿದಳು. ಇಬ್ಬರೂ ಕಲ್ಲು ಆರಿಸಿದರು. ಬಂದ ದಿನದಿಂದ ವನಜಾಕ್ಷಿಯ ಕೈಗೆ ಸಿಕ್ಕ ಮೊದಲ ಕೆಲಸ ಅದು.

"ಅಷ್ಟು ಗಂಡಸರ ಮುಂದೆ ನಿಂತ್ಕಂಡು ಯಾಪಾರ ಮಾಡಾಕೆ ನಾಚ್ಕೆ ಆಗಲ್ವೇನ್ರಿ ನಿಮಗೆ?" ಉಚ್ಚಂಗೆಮ್ಮ ಕೇಳಿದಳು. ಚುಚ್ಚಲು ಕೇಳಿದಂತಿರಲಿಲ್ಲ.

"ಮೊದ್ಲು ಆಗ್ತಿತ್ತು. ಎಣ್ಣೆ ಕಾದಿರುತ್ತಲ್ಲ, ನಾಚ್ಕಳಾಕೆ ಪುರುಸೊತ್ತೆಲ್ಲಿ?"

ಉಚ್ಚಂಗೆಮ್ಮ ನಕ್ಕಳು. ಮೊರ ಕೇರುತ್ತ ಹೇಳಿದಳು. "ನಂದು ನ್ಯಾಮತಿ ಕಡೆ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದೆ. ಆಮೇಲೆ ಹೊನ್ನಾಳಿ ಆಸ್ಪತ್ರೆ ಬಿಟ್ರೆ ಇನ್ನೊಂದು ಊರು ನೋಡ್ಲಿಲ್ಲ. ನಮ್ಮತ್ತೆ ಹಿಂಗೇ ಇಟ್ಟಿದ್ಲು. ಮನೆ ಅಂದ್ರೆ ಹಿಂಗೇ ಅಂದ್ಕಂಡೆ." ಕಾಳಿನ ನಡುವಿನ ಒಂದು ಕಲ್ಲನ್ನು ಹೆಕ್ಕಿ ದೂರ ಎಸೆದಳು. "ನಿಮ್ಮ ಮಗಳು ಬಾಯಿ ಬಿಟ್ಟು ಅಂದ್ಲು. ನಂಗೆ ಅದೂ ಬರ್ಲಿಲ್ಲ."

ಇಷ್ಟು ದಿನ ವನಜಾಕ್ಷಿ ಬೀಗಿತ್ತಿಯನ್ನು ಕಾವಲುಗಾತಿ ಅಂದುಕೊಂಡಿದ್ದಳು. ಅವಳೂ ಒಳಗಿನವಳೇ, ಎಲ್ಲರಿಗಿಂತ ಹಳಬಳು.

ಬಸ್ಸು ಬಿಟ್ಟಾಗ ಮೇ ತಿಂಗಳು ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ವನಜಾಕ್ಷಿ ಚೀಲ ಕಟ್ಟುತ್ತಿದ್ದರೆ ಸುಚಿತ್ರಾಳೂ ಬಂದು ತನ್ನ ಸೀರೆಗಳನ್ನು ಅದರಲ್ಲೇ ಇಟ್ಟಳು. ಅವ್ವ ಹೇಳಿಕೊಟ್ಟಿರಲಿಲ್ಲ. ಅವಳೇ ಪಡಸಾಲೆಗೆ ಹೋಗಿ ಗಂಡನ ಎದುರು ನಿಂತಳು.

"ಅವ್ವನ ಜೊತೆ ಹೋಗ್ತೀನಿ."

"ಯಾವಾಗ ಬರ್ತೀಯ?"

"ಹೋದ್ಮೇಲೆ ಹೇಳ್ತೀನಿ ರೀ."

ಓಂಕಾರನ ಮುಖ ಕೆಂಪಾಯಿತು. ಅಪ್ಪನ ಕಡೆ ನೋಡಿದ. ಧರ್ಮಪ್ಪನವರು ಬಾಯಿ ತೆರೆಯುವ ಮೊದಲೇ ಉಚ್ಚಂಗೆಮ್ಮ ಒಳಗಿನಿಂದ ಕೂಗಿದಳು. "ಬಿಡ್ರಿ, ಹೋಗಿ ಬರ್ಲಿ. ನಿಂತು ಮಾತಾಡ್ತಾ ಇದ್ರೆ ಬಸ್ಸು ತಪ್ಪುತ್ತೆ."

ಬಸ್ಸಿನಲ್ಲಿ ಒಂದು ಸೀಟಿಗೆ ಒಬ್ಬರೇ. ಸುಚಿತ್ರಾ ಮುಂದೆ ಕಿಟಕಿಯ ಹತ್ತಿರ, ವನಜಾಕ್ಷಿ ಅವಳ ಹಿಂದೆ. ಹೊನ್ನಾಳಿಯ ಸೇತುವೆ ದಾಟುವಾಗ ವನಜಾಕ್ಷಿಗೆ ಬಿಡುಗಡೆಗಿಂತ ಭಯವೇ ಹೆಚ್ಚಾಗಿತ್ತು. ಮಗಳ ಸಂಸಾರ ತಾನೇ ಮುರಿದೆನೇ? ಮುಂದಿನ ಸೀಟಿನಲ್ಲಿ ಸುಚಿತ್ರಾ, ಮಾಸ್ಕಿನೊಳಗಿಂದಲೇ, ಚಿಲ್ಲರೆ ಕೊಡದ ಕಂಡಕ್ಟರನಿಗೆ ದಬಾಯಿಸುತ್ತಿದ್ದಳು.

ಸಂಸಾರ ಮುರಿಯಲಿಲ್ಲ, ಸರಾಗವಾಗಿ ಸರಿಹೋಗಲೂ ಇಲ್ಲ. ಮಳೆಗಾಲ ಪೂರ್ತಿ ಸುಚಿತ್ರಾ ಜಗಳೂರಿನಲ್ಲೇ ಉಳಿದಳು. ಓಂಕಾರ ಬೈಕಿನಲ್ಲಿ ಬಂದು ಕೂಗಾಡಿ ಹೋದ. ಮತ್ತೊಮ್ಮೆ ಬಂದು ಮಾತೇ ಆಡದೆ ಮಿರ್ಚಿ ತಿಂದು ಹೋದ. ದಸರೆ ಕಳೆದ ಮೇಲೆ ಬಂದವನು ಬೆಂಚಿನ ಮೇಲೆ ಕೂತು, "ಏನು ಮಾಡ್ಬೇಕು ಹೇಳು" ಎಂದ. ಸುಚಿತ್ರಾ ಹೇಳಿದಳು. ಈಗ ಅವಳು ಸಾಸ್ವೆಹಳ್ಳಿಗೆ ಮರಳಿ, ಹೊನ್ನಾಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಧರ್ಮಪ್ಪನವರು ಇವತ್ತಿಗೂ ಗೊಣಗುತ್ತಾರೆ. ಓಂಕಾರ ಕೆಲವು ದಿನ ಮುಖ ಗಂಟು ಹಾಕಿಕೊಳ್ಳುತ್ತಾನೆ. ವನಜಾಕ್ಷಿ ಮಾತ್ರ, ಅಂಗಡಿಗೆ ಬಂದು ಕಷ್ಟ ಹೇಳಿಕೊಳ್ಳುವ ಹೆಣ್ಣುಮಕ್ಕಳಿಗೆ ಹೊಂದಿಕೊಂಡು ಹೋಗು ಎನ್ನುವುದನ್ನು ಬಿಟ್ಟಿದ್ದಾಳೆ. ಕೈಕೆಲಸ ನಿಲ್ಲಿಸಿ ಪೂರ್ತಿ ಕೇಳುತ್ತಾಳೆ.

ಮರುವರ್ಷ ಚಳಿ ಇಳಿಯುವ ಹೊತ್ತಿಗೆ ಸುಚಿತ್ರಾ ರಜೆ ಹಾಕಿ ಬಂದಾಗ ಅವಳ ಹಿಂದೆ ಉಚ್ಚಂಗೆಮ್ಮನೂ ಬಸ್ಸಿನಿಂದ ಇಳಿದಳು. ಒಂದೇ ದಿನಕ್ಕೆಂದು ಬಂದವಳು. ಅಂಗಡಿಯೊಳಗೆ ಹಾಕಿಕೊಟ್ಟ ಕುರ್ಚಿಯಲ್ಲಿ ಕೂತು ಎದುರಿನ ಬಸ್ಸುಗಳನ್ನು ನೋಡುತ್ತಿದ್ದಳು.

"ಬೀಗ್ತಿ, ಅದು ಎಲ್ಲಿಗೆ ಹೋಗುತ್ತೆ?"

"ಚಳ್ಳಕೆರೆಗೆ."

"ಅದರ ಹಿಂದಿಂದು?"

"ಸೊಕ್ಕೆಗೆ. ನನ್ನ ತವರು ಅದು."

ಸಂಜೆ ಅವರು ಊರಿಗೆ ಹಿಂದಿರುಗಲು ಹತ್ತಬೇಕಾದ ದಾವಣಗೆರೆ ಬಸ್ಸು ಬಂದು ನಿಂತಿತು. ಸುಚಿತ್ರಾ ಚೀಲ ಎತ್ತಿಕೊಂಡು, "ಏಳ್ರಿ ಅತ್ತೆ" ಎಂದಳು. ಉಚ್ಚಂಗೆಮ್ಮ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತು, ವನಜಾಕ್ಷಿಯ ಕಡೆ ತಿರುಗಿದಳು.

"ಸೊಕ್ಕೆ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗ್ರಿ?"