ಕುಡಿ ಚೂಟುವ ಕೈ

ನಮ್ಮ ಕುಂಬಳದ ಬಳ್ಳಿಯಲ್ಲಿ ಹೂವಿಗೇನೂ ಬರವಿರಲಿಲ್ಲ. ಬರ ಇದ್ದದ್ದು ಜೇನಿಗೆ. ಎತ್ತ ನೋಡಿದರೂ ತೊಗರಿ, ಅದಕ್ಕೆ ಹೊಡೆಯುವ ಔಷಧ. ಜೇನು ಎಲ್ಲಿಂದ ಬರಬೇಕು? ಹೆಣ್ಣು ಹೂವಿನ ಬುಡದ ಹೀಚು ಹಳದಿಯಾಗಿ ಉದುರುತ್ತಿತ್ತು. ದಿನಾ ಹೊತ್ತು ಮೂಡುವ ಮೊದಲೇ ನಾನು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ ಮುಟ್ಟಿಸಿ ನಡ ಬಿದ್ದು ಹೋಗಿತ್ತು. ಅರ್ಧ ಎಕರೆಯ ಜೇನಿನ ಕೆಲಸ ಒಬ್ಬ ಹೆಂಗಸು ಮಾಡುವುದೆಂದರೆ ಸುಮ್ಮನೆ ಮಾತೇ?

ಅದಕ್ಕೇ ತಾಂಡೂರಿನಿಂದ ನಲವತ್ತು ರಾಮತುಳಸಿ ಸಸಿ ತಂದು ಬದುವಿಗೆ ನೆಟ್ಟೆ. ಆಳೆತ್ತರ ಬೆಳೆಯುತ್ತದೆ, ಒಮ್ಮೆ ಊರಿದರೆ ಮೂರ್ನಾಲ್ಕು ವರ್ಷ ಇರುತ್ತದೆ, ಹೂ ಬಿಟ್ಟರೆ ಜೇನು ಕರೆಯದೆ ಬರುತ್ತದೆ. ನನ್ನ ಮಾವ ಮನ್ಮಥಪ್ಪ ನಕ್ಕರು. "ದೀಪಾವಳಿಯೊಳಗ ಕಾಯಿ ತೋರ್ಸು ಶಿವಕಾಂತಾ. ಇಲ್ಲಂದ್ರ ನೇಗಿಲ ಹೊಡ್ದು ಕಡ್ಲಿ ಬಿತ್ತತೀನಿ." ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಮನಸ್ಸಿನಂತೆ ಬೆಳೆಯಲು ಸಿಕ್ಕ ನೆಲ ಅದೊಂದೇ.

ಗಿಡ ಎದೆಮಟ್ಟ ಬಂತು. ಹೂವಿನ ತೆನೆ ಇಣುಕುವುದೇ ತಡ, ಮಾರನೇ ದಿನ ಮಾಯ! ಒಂದಲ್ಲ, ಮೂರು ಸಲ. ಪಕ್ಕದ ಹೊಲದಲ್ಲಿ ಕುರಿ ಮೇಯಿಸುವ ಲಚ್ಚಮ್ಮನ ಮೇಲೆ ಗುಮಾನಿ ಬಂದು ಬಾಯಿಗೆ ಬಂದಂತೆ ಬೈದೆ.

"ಬರೇ ತುದಿ ತಿಂದು ಎಲಿ ಬಿಟ್ಟು ಏಳಾಕ ನನ್ನ ಕುರಿ ಏನು ಬೀಗರ ಊಟಕ್ಕ ಬಂದಾವೇನು?" ಅಂತ ಅವಳು ತಿರುಗಿಬಿದ್ದಳು. ಅವಳ ಮಾತು ಖರೆ ಇತ್ತು.

ನಿನ್ನೆ ಸಂಜೆ ಕಳ್ಳ ಸಿಕ್ಕ. ಮಾವ ಬದುವಿನ ಮೇಲೆ ನಡೆದು ಬರುತ್ತಿದ್ದರು. ಅವರ ಎಡಗೈ ತನ್ನ ಪಾಡಿಗೆ ತಾನು ಒಂದೊಂದೇ ತೆನೆಯನ್ನು ಚಿಟಕ್ ಚಿಟಕ್ ಎಂದು ಚೂಟುತ್ತಿತ್ತು.

"ಏನ್ ಮಾಡಾಕತ್ತೀರಿ ಮಾವಾ!"

"ಕುಡಿ ಚೂಟಾಕತ್ತೀನವ್ವ. ತೊಗರಿಗಿ ಚೂಟಂಗಿಲ್ಲೇನು? ಟೊಂಗಿ ಹೆಚ್ಚಿಗಿ ಒಡೀತಾವ. ನಿನ್ನ ಗಿಡ ಛಲೋ ಆಗ್ಲಿ ಅಂತ..."

ಐವತ್ತು ವರ್ಷ ತೊಗರಿಯ ಕುಡಿ ಚೂಟಿದ ಕೈ!

"ಟೊಂಗಿ ತಗೊಂಡು ಏನ್ ಮಾಡ್ಲಿರಿ? ಹೂವಿಗಿ ಕಾಯಾಕತ್ತೀನಿ ನಾ! ದೀಪಾವಳಿ ಗಡುವು ಹಾಕಿದೋರೂ ನೀವ, ಹೂ ಮುರ್ದೋರೂ ನೀವ. ಬೇಲಿನೇ ಎದ್ದು ಹೊಲ ಮೇಯ್ದಂಗಾತು!"

ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅಳು ಬಂತು, ಅಳು ಬಂದದ್ದಕ್ಕೂ ಸಿಟ್ಟು ಬಂತು. ಅವರು ಅಂಗೈಯಲ್ಲಿದ್ದ ತೆನೆಗಳನ್ನು ನೋಡುತ್ತಾ ನಿಂತರು. ಊಟಕ್ಕೂ ಬರಲಿಲ್ಲ.

ಇವತ್ತು ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಕುಂಬಳದ ಸಾಲಿನಲ್ಲಿ ಯಾರೋ ಬಗ್ಗಿದ್ದರು. ನೋಡಿದರೆ ಮಾವ. ಬಲಗೈಯಲ್ಲಿ ಗಂಡು ಹೂ ಹಿಡಿದು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದರು. ಎಡಗೈಯನ್ನು ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಕೈಗೇನಾತ್ರಿ?" ಗಾಬರಿಯಿಂದ ಕೇಳಿದೆ.

"ಏನಾಗಿಲ್ಲ. ಬದುವಿನ ಮ್ಯಾಲೇ ಬರಬೇಕಲ್ಲ ಇಲ್ಲಿಗಿ? ಇದು ನನ್ನ ಮಾತು ಕೇಳಂಗಿಲ್ಲ." ತಲೆ ಎತ್ತದೆ ಇನ್ನೊಂದು ಹೂವಿಗೆ ಬಗ್ಗಿದರು. "ಮತ್ತ... ದೀಪಾವಳಿ ಅಂದಿದ್ನಲ್ಲ, ಅದು ಮುಂದಿನ ವರ್ಷದ್ದವ್ವ."