ಓಡುವಾಗ ಇಲ್ಲದ ಎಣ್ಣೆ

ಕಾಂತಿ ಒಂದನೇ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೆ ಒಂದು ಮಾತು ಕೊಟ್ಟಿದ್ದೆ. ಆಗ ನಾನು ಬೆಳ್ತಂಗಡಿಯ ಒಬ್ಬ ಸಾಹುಕಾರರ ಲಾರಿ ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಮಗಳು ಸಿಕ್ಕಿದಳೆಂದು ಹತ್ತಿಸಿಕೊಂಡೆ. ಪೇಟೆಯ ನಡುವೆ ಸಾಹುಕಾರರು ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಇದೇನು ಧರ್ಣಪ್ಪ, ನಿನ್ನ ಅಪ್ಪನ ಗಾಡಿಯಾ?” ಎಂದು ಎಲ್ಲರೆದುರು ಅವಳನ್ನು ಇಳಿಸಿದರು. ಮಗು ಅಳಲಿಲ್ಲ. ಚೀಲ ಸರಿಮಾಡಿಕೊಂಡು ನಡೆದುಬಿಟ್ಟಿತು. ಅತ್ತಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅಂದು ಸಂಜೆ ಹೇಳಿದೆ, “ನೀನು ದೊಡ್ಡ ಪರೀಕ್ಷೆಗೆ ಹೋಗುವ ದಿನ ನಮ್ಮದೇ ಗಾಡಿಯಲ್ಲಿ ಕರಕೊಂಡು ಹೋಗಿ ಬಾಗಿಲಲ್ಲೇ ಇಳಿಸ್ತೇನೆ.”

ಅರುವತ್ತೆರಡರಲ್ಲಿ ನಮ್ಮದೇ ಗಾಡಿ ಆಯಿತು. ಚಾರ್ಮಾಡಿಯ ಆಚೆ ಕಾಫಿ ತೋಟದ ಬಿಳಿ ದೊರೆಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಾರಿದ ಅಮೆರಿಕದ ಪಿಕಪ್. ಅದಕ್ಕೆ ಕ್ಲಚ್ ಇರಲಿಲ್ಲ. ಕಾಲಿನ ಬುಡದಲ್ಲಿ ಎರಡೇ ಪೆಡಲು. ಗೇರು ತನ್ನಷ್ಟಕ್ಕೆ ಬೀಳುತ್ತಿತ್ತು. ಹೆಂಡತಿ ಪೂವಮ್ಮ ಒಂದು ಸುತ್ತು ನೋಡಿ, “ಎಲ್ಲರ ಗಾಡಿಗೆ ಮೂರು ಉಂಟು, ನಿಮ್ಮದಕ್ಕೆ ಎರಡು. ಕುಂಟ ಗಾಡಿಯನ್ನೇ ಹುಡುಕಿ ತಂದ್ರಾ?” ಎಂದಳು.

ಒಂದೂವರೆ ವರ್ಷ ಅದು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ದಿನ ಮುಂಡಾಜೆಯಲ್ಲಿ ಗೇರ್ ಬಾಕ್ಸಿನಿಂದ ಎಣ್ಣೆ ಸುರಿದು ನಿಂತಿತು. ಬಂಟ್ವಾಳದ ಅಬ್ದುಲ್ ಶುಕೂರರ ಗ್ಯಾರೇಜಿಗೆ ಲಾರಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋದೆ. ಆ ಕಡೆ ಅವರಷ್ಟು ಬಲ್ಲ ಮೇಸ್ತ್ರಿ ಇನ್ನೊಬ್ಬರಿರಲಿಲ್ಲ.

“ಕ್ಲಚ್ ಎಲ್ಲಿ ಧರ್ಣಪ್ಪಣ್ಣ?”

“ಇಲ್ಲ.”

“ಇಲ್ಲ ಅಂದ್ರೆ? ಬಿದ್ದು ಹೋಯ್ತಾ?”

“ಹುಟ್ಟುವಾಗಲೇ ಇಲ್ಲ, ಬ್ಯಾರಿಗಳೇ.”

ಅವರು ಬಾಕ್ಸ್ ಇಳಿಸಿ ಬಿಚ್ಚಿದರು. ತೆಂಗಿನ ಗರಿಯ ತಟ್ಟಿಯ ಮೇಲೆ ಒಂದೊಂದೇ ಭಾಗವನ್ನು ಸಾಲಾಗಿಟ್ಟು ಸೀಮೆಸುಣ್ಣದಿಂದ ನಂಬರು ಬರೆದರು. ಎಣ್ಣೆ ತಡೆಯುವ ರಬ್ಬರ್ ಸೀಲುಗಳು ಹರಿದುಹೋಗಿದ್ದವು, ಮದರಾಸಿನಿಂದ ಹೊಸತು ತರಿಸಿದರು. ಇಪ್ಪತ್ತು ದಿನದ ಮೇಲೆ ಎಲ್ಲವನ್ನೂ ಸೇರಿಸಿ, ತೆಳ್ಳಗಿನ ಕೆಂಪು ಎಣ್ಣೆಯನ್ನು ಅಳತೆಯ ಕಡ್ಡಿಯ ಗೆರೆ ಮುಟ್ಟುವವರೆಗೆ ಹೊಯ್ದರು. ಒಂದು ಭಾಗವೂ ತಟ್ಟಿಯ ಮೇಲೆ ಉಳಿಯಲಿಲ್ಲ. ಅದೇ ನಮಗೆ ದೊಡ್ಡ ಧೈರ್ಯ.

ಆದರೆ ಮರುದಿನದಿಂದಲೇ ತೊಂದರೆ. ಸಮದಲ್ಲಿ ಓಡುವ ಗಾಡಿ ಏರು ಬಂದರೆ ಜಾರುತ್ತಿತ್ತು. ಇಂಜಿನ್ ಕೂಗುತ್ತದೆ, ಚಕ್ರಕ್ಕೆ ಕೇಳುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಒಂದು ಮೈಲು ಏನೂ ಆಗದ ಹಾಗೆ ಹೋಗುತ್ತದೆ. ಶುಕೂರರು ಎರಡನೇ ಸಲ ಬಿಚ್ಚಿದರು, ಮೂರನೇ ಸಲವೂ ಬಿಚ್ಚಿದರು. ಒಳಗೆ ಎಲ್ಲ ಸರಿ ಇತ್ತು.

“ಎಣ್ಣೆ ನೋಡ್ತೀರಾ ದಿನಾ?”

“ದಿನಾ ನೋಡ್ತೇನೆ. ತುಂಬ ಉಂಟು.”

“ಇಂಜಿನ್ ಬಂದ್ ಮಾಡಿಯೇ ಅಲ್ವಾ?”

“ನನಗೆ ಅದು ಹೇಳಿಕೊಡ್ಬೇಕಾ ಮಾರಾಯ್ರೆ? ಬಂದ್ ಮಾಡಿ, ಒಂದು ಬೀಡಿ ಸೇದಿ ಮುಗಿದ ಮೇಲೆಯೇ ಕಡ್ಡಿ ಎಳೆಯುವುದು.”

ನಮ್ಮ ಕಡೆಯ ಡ್ರೈವರುಗಳೆಲ್ಲ ಕಲಿತದ್ದು ಹಾಗೆಯೇ. ಬಿಸಿ ಎಣ್ಣೆ ಕೆಳಗಿಳಿದು ನಿಲ್ಲಲು ಒಂದು ಬೀಡಿಯ ಹೊತ್ತು ಬೇಕು. ಅವಸರ ಮಾಡಿದವನಿಗೆ ಕಡ್ಡಿ ಸುಳ್ಳು ಹೇಳುತ್ತದೆ ಎಂದು ನನಗೆ ಲಾರಿ ಕಲಿಸಿದವರು ಕಿವಿ ಹಿಂಡಿ ಹೇಳಿದ್ದರು. ಈ ಗಾಡಿಯ ಗೇರಿನ ಕಡ್ಡಿ ಕಾಲಡಿಯ ಮ್ಯಾಟಿನ ಕೆಳಗೆ ಇತ್ತು. ಎಲ್ಲಿದ್ದರೇನು, ನೋಡುವ ಕ್ರಮ ಅದೇ ತಾನೆ.

ಅರುವತ್ತನಾಲ್ಕರಲ್ಲಿ ಕಾಂತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು. ಕೇಂದ್ರ ಮೂಡುಬಿದಿರೆಯಲ್ಲಿ, ಹತ್ತು ಗಂಟೆಗೆ. ಹಿಂದಿನ ದಿನ ಪೂವಮ್ಮ ಹೇಳಿದಳು, “ಬಸ್ಸು ಉಂಟಲ್ಲ? ನಿಮ್ಮ ಮಾತಿಗೋಸ್ಕರ ಹುಡುಗಿಯ ಒಂದು ವರ್ಷ ಹಾಳು ಮಾಡ್ಬೇಡಿ.”

“ಬೇಗ ಹೊರಡ್ತೇವೆ. ನಿಂತು ನಿಂತು ಹೋದರೂ ಮುಟ್ಟುತ್ತದೆ.”

“ಕಾಂತಿ, ನೀನು ಹೇಳು.”

ಕಾಂತಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಅಪ್ಪನೊಟ್ಟಿಗೆ ಹೋಗ್ತೇನೆ” ಎಂದಳು.

ಆರೂವರೆಗೆ ಹೊರಟೆವು. ವೇಣೂರಿನವರೆಗೆ ಎರಡು ಸಲ ನಿಂತೆವು. ವೇಣೂರು ದಾಟಿದ ಮೇಲಿನ ಏರಿನಲ್ಲಿ ಗಾಡಿ ಪೂರ್ತಿ ಸೋತಿತು. ಇಂಜಿನ್ ಬೊಬ್ಬೆ ಹೊಡೆಯಿತು. ಗಾಡಿ ಮುಂದೆ ಹೋಗುವ ಬದಲು ಮೆಲ್ಲನೆ ಹಿಂದೆ ಸರಿಯಿತು. ಬ್ರೇಕು ಎಳೆದು ಕೂತೆ. ಗಂಟೆ ಎಂಟೂವರೆ ದಾಟಿತ್ತು. ಇನ್ನೂ ಎಂಟು ಮೈಲು ಉಂಟು.

“ಅರ್ಧ ಗಂಟೆ ಕೊಟ್ಟರೆ ಹೋಗ್ತದೆ” ಎಂದೆ. ಕಾಂತಿ ಮಡಿಲಿನಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಅಷ್ಟರಲ್ಲಿ ಹಿಂದಿನ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅದು ತಪ್ಪಿದರೆ ಮುಂದಿನ ಬಸ್ಸು ಹತ್ತೂವರೆಗೆ.

ನಾನು ಗಾಡಿಯಿಂದ ಹಾರಿ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತೆ.

ಕಂಡಕ್ಟರ್ ಕಮಲಾಕ್ಷ ಗುರುತಿನವನು. “ಏನು ಧರ್ಣಪ್ಪಣ್ಣ, ಅಮೆರಿಕ ಕೈಕೊಟ್ಟಿತಾ?” ಎಂದು ನಗುತ್ತಲೇ ಬಾಗಿಲು ತೆಗೆದ. ಕಾಂತಿಯ ಮುಖ ನೋಡಿ ನಗು ನಿಲ್ಲಿಸಿದ. “ಬಾ ಮಗಾ. ಒಂಬತ್ತೂವರೆ ಒಳಗೆ ಇಳಿಸುವ.”

ಅವಳು ಹತ್ತಿದಳು. “ನೀವು ಮೆಲ್ಲ ಬನ್ನಿ ಅಪ್ಪ” ಎಂದಳು.

ಬಸ್ಸು ಹೋದ ಮೇಲೆ ನೋಡುತ್ತೇನೆ, ನನ್ನ ಗಾಡಿಯ ಇಂಜಿನ್ ಇನ್ನೂ ಓಡುತ್ತಿದೆ. ಗಡಿಬಿಡಿಯಲ್ಲಿ ಬಂದ್ ಮಾಡಲು ಮರೆತಿದ್ದೆ. ಬಂದ್ ಮಾಡುವ ಮನಸ್ಸೂ ಬರಲಿಲ್ಲ. ಸಿಟ್ಟಿನಲ್ಲಿ ಹಾಗೆಯೇ ಮ್ಯಾಟು ಎತ್ತಿ ಕಡ್ಡಿ ಎಳೆದೆ.

ಕಡ್ಡಿಯ ತುದಿಯಲ್ಲಿ ಎಣ್ಣೆಯೇ ಇಲ್ಲ.

ಸೋರಿತೆಂದು ಗಾಡಿಯ ಅಡಿಗೆ ನುಗ್ಗಿ ನೋಡಿದೆ. ನೆಲದಲ್ಲಿ ಒಂದು ಹನಿ ಕೂಡ ಇಲ್ಲ. ಬಂದ್ ಮಾಡಿ, ಬೀಡಿ ಸೇದಿ ಮತ್ತೆ ನೋಡಿದೆ. ಎಣ್ಣೆ ಗೆರೆಯವರೆಗೆ ತುಂಬಿತ್ತು! ಸ್ಟಾರ್ಟ್ ಮಾಡಿದೆ, ಇಲ್ಲ. ಬಂದ್ ಮಾಡಿದೆ, ಉಂಟು. ನನ್ನ ತಲೆ ಕೆಟ್ಟಿತೋ ಗಾಡಿಯ ತಲೆ ಕೆಟ್ಟಿತೋ ತಿಳಿಯಲಿಲ್ಲ. ಎಲ್ಲ ಹೇಗೂ ಹೋಯಿತೆಂದು, ಇಂಜಿನ್ ಓಡುತ್ತಿರುವಾಗಲೇ ಗಾಡಿಯಲ್ಲಿಟ್ಟುಕೊಂಡಿದ್ದ ಡಬ್ಬದ ಕೆಂಪು ಎಣ್ಣೆಯನ್ನು ಹೊಯ್ಯತೊಡಗಿದೆ. ಗೆರೆ ಮುಟ್ಟುವಾಗ ಡಬ್ಬ ಹೆಚ್ಚುಕಡಿಮೆ ಖಾಲಿ. ಗೇರು ಹಾಕಿದೆ. ಗಾಡಿ ಆ ಏರನ್ನು ಹೊಸ ಎತ್ತಿನ ಹಾಗೆ ಹತ್ತಿತು.

ನಾನು ಮೂಡುಬಿದಿರೆ ಮುಟ್ಟುವಾಗ ಒಳಗೆ ಪರೀಕ್ಷೆ ನಡೆಯುತ್ತಿತ್ತು. ಮುಗಿಸಿ ಬಂದ ಕಾಂತಿಯನ್ನು ಕೂರಿಸಿಕೊಂಡು ಹೊರಟೆ. ಒಂದು ಕಡೆಯೂ ಜಾರಲಿಲ್ಲ.

“ಸರಿ ಆಯ್ತಾ ಅಪ್ಪ?”

“ಆಯ್ತು.”

“ಏನಾಗಿತ್ತು?”

“ಗೊತ್ತಿಲ್ಲ ಮಗಾ.”

ಅವಳನ್ನು ಮನೆಯಲ್ಲಿ ಬಿಟ್ಟು ನೇರ ಬಂಟ್ವಾಳಕ್ಕೆ ಹೋದೆ. ಶುಕೂರರು ನಂಬಲಿಲ್ಲ. ತಾವೇ ಐದು ಸಲ ಬಂದ್ ಮಾಡಿ, ಐದು ಸಲ ಸ್ಟಾರ್ಟ್ ಮಾಡಿ ನೋಡಿದರು. ಇಂಜಿನ್ ಓಡುವಾಗ ಎಣ್ಣೆ ಸರಿಯಾಗಿ ಗೆರೆಗೆ ನಿಲ್ಲುತ್ತಿತ್ತು, ಬಂದ್ ಮಾಡಿದಾಗ ಗೆರೆಯಿಂದ ಎಷ್ಟೋ ಮೇಲೆ ಬರುತ್ತಿತ್ತು.

“ಇಷ್ಟು ಜಾಸ್ತಿ ಹಾಕಿದ್ರೆ ಸೀಲು ಒಡೀತದೆ, ಧರ್ಣಪ್ಪಣ್ಣ. ತೆಗೀಬೇಕು.”

“ತೆಗೆದ್ರೆ ಜಾರ್ತದೆ.”

“ಹೌದು, ಜಾರ್ತದೆ.” ಅವರು ಟೊಪ್ಪಿ ತೆಗೆದು ತಲೆ ತುರಿಸಿಕೊಂಡರು. “ನಿಂತಾಗ ಇದ್ದ ಎಣ್ಣೆ ಓಡುವಾಗ ಎಲ್ಲಿಗೆ ಹೋಗ್ತದೆ ಮಾರಾಯ್ರೆ?”

“ನಾನು ನಿಮ್ಮತ್ರ ಕೇಳ್ಲಿಕ್ಕೆ ಬಂದದ್ದು.”

“ನಾನು ಯಾರತ್ರ ಕೇಳುದು?”

“ನಾಳೆ ಮೂಡುಬಿದಿರೆಗೆ ಹೋಗಬಹುದಾ? ಅದು ಹೇಳಿ.”

ಅವರು ಟೊಪ್ಪಿ ಮತ್ತೆ ತಲೆಗೆ ಹಾಕಿಕೊಂಡರು. “ಹೋಗ್ಲೂಬಹುದು. ಆದ್ರೆ ನನ್ನ ಮಗಳಾದ್ರೆ ನಾನು ಹತ್ತಿಸುದಿಲ್ಲ.”

ಮರುದಿನ ಕಾಂತಿಯನ್ನು ನಾನೇ ಬಸ್ಸಿಗೆ ಹತ್ತಿಸಿದೆ. ಯಾಕೆ ಕೆಟ್ಟಿತೆಂದು ಗೊತ್ತಿಲ್ಲದ ಗಾಡಿಗಿಂತ ಯಾಕೆ ಓಡುತ್ತದೆಂದು ಗೊತ್ತಿಲ್ಲದ ಗಾಡಿಗೆ ನನಗೆ ಹೆಚ್ಚು ಹೆದರಿಕೆಯಾಯಿತು. ಉಳಿದ ಪರೀಕ್ಷೆಗಳಿಗೆಲ್ಲ ಅವಳು ಬಸ್ಸಿನಲ್ಲೇ ಹೋದಳು, ಪಾಸೂ ಆದಳು. ಗಾಡಿ ಆ ಹೆಚ್ಚಿನ ಎಣ್ಣೆಯಲ್ಲೇ, ಒಂದು ಸೀಲೂ ಒಡೆಯದೆ, ಇನ್ನೂ ನಾಲ್ಕು ವರ್ಷ ಓಡಿತು.

ಬಾಗಿಲಲ್ಲಿ ಇಳಿಸುತ್ತೇನೆ ಎಂದಿದ್ದೆ. ಇಳಿಸಲಿಲ್ಲ.